ಬ್ರೇಕ್ ಹಾಕಿದ ಜಾಗ

ಮಾರ್ಚ್ ೩

ಮರಿ,

ನಿನ್ನ ಬೈಕ್ ರೇಸಿನ ಸೂಟು ಸಿದ್ಧವಾಗಿದೆ. ಎಡ ಮೊಣಕೈಗೆ ಹೊಸ ಚರ್ಮ ಕೂರಿಸಿದ್ದೇನೆ. ಸೊಂಟದ ಹತ್ತಿರ ಬಿಟ್ಟುಕೊಂಡಿದ್ದ ಹೊಲಿಗೆಯನ್ನು ಮೇಣದ ದಾರದಲ್ಲಿ ಮತ್ತೆ ಹೊಲಿದಿದ್ದೇನೆ. ಹೊಟ್ಟೆಯ ಹತ್ತಿರ ಸ್ವಲ್ಪ ಸಡಿಲ ಮಾಡು ಅಂತ ಕೇಳಿದ್ದೆಯಲ್ಲ, ಅದನ್ನು ಮಾತ್ರ ಮಾಡಿಲ್ಲ. ಸೂಟು ದೊಡ್ಡದಾಗುವ ಬದಲು ನೀನೇ ಒಂದು ತುತ್ತು ಕಡಿಮೆ ತಿನ್ನು. ಎರಡು ಸಲ ಚಾಂಪಿಯನ್ ಆದವನ ಹೊಟ್ಟೆ ಮುಂದೆ ಬಂದರೆ ನನ್ನ ಅಂಗಡಿಯ ಮಾನ ಏನಾಗಬೇಕು?

ಜನರೇನೋ ಬರುತ್ತಿದ್ದಾರೆ. ನಿನ್ನ ಭಾವ ಅಂಗಡಿಯ ಗಾಜಿಗೆ ನಿನ್ನ ಫೋಟೋ ಅಂಟಿಸಿದ್ದಾರೆ. "ಬಾಣನ ಸೂಟು ಹೊಲಿಯೋದು ಇಲ್ಲೇನಾ?" ಅಂತ ಕೇಳಿಕೊಂಡು ಬಂದವರು ಕೊನೆಗೆ ಒಂದು ಕಿತ್ತುಹೋದ ಜಿಪ್ಪು ಹಾಕಿಸಿಕೊಂಡು ಹೋಗುತ್ತಾರೆ. ಊರಿಗೆಲ್ಲ ನೀನು ಬಾಣ. ನೀನು ಸೈಕಲ್ಲಿನಿಂದ ಚರಂಡಿಗೆ ಬಿದ್ದು ಅಳುತ್ತಾ ಬಂದದ್ದನ್ನು ನಾನು ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ, ನನಗೂ ಅದರಲ್ಲಿ ಒಂದು ಖುಷಿ ಇದೆ.

ಈ ವರ್ಷವೂ ಹಿಂದಿನಂತೆಯೇ. ಒಂದು ಸೂಟು ನಿನ್ನ ಮೈಮೇಲಿದ್ದರೆ ಇನ್ನೊಂದು ನನ್ನ ಮೇಜಿನ ಮೇಲೆ. ಪತ್ರ ಒಳಜೇಬಿನಲ್ಲಿ. ಫೋನಿನಲ್ಲಿ ನೀನು ಪತ್ರಿಕೆಯವರ ಜೊತೆ ಮಾತಾಡಿದ ಹಾಗೇ ಮಾತಾಡುತ್ತೀಯ, "ಎಲ್ಲಾ ಚೆನ್ನಾಗಿದೆ, ತಂಡ ಚೆನ್ನಾಗಿ ಕೆಲಸ ಮಾಡ್ತಿದೆ" ಅಂತ. ನನಗೆ ಅದು ಬೇಡ. ನಾನು ರೇಸ್ ನೋಡುವವಳಲ್ಲ, ನಿನಗೇ ಗೊತ್ತು. ಭಾವ ನೋಡುತ್ತಾರೆ, ಮುಗಿದ ಮೇಲೆ ಬಂದು ಒಂದು ಮಾತು ಹೇಳುತ್ತಾರೆ. ನಾನು ನೋಡುವುದು ವಾಪಸ್ ಬಂದ ಚರ್ಮವನ್ನು. ಹೋದ ವರ್ಷ "ಹುಲ್ಲಿನ ಮೇಲೆ ಬಿದ್ದೆ" ಅಂದಿದ್ದೆ. ಸೂಟಿನ ಬೆನ್ನಿನ ತುಂಬಾ ಟಾರಿನ ಗೀರು. ಆದ್ದರಿಂದ ಸುಳ್ಳು ಹೇಳುವುದಿದ್ದರೆ ಸೂಟನ್ನು ತೊಳೆದು ಕಳಿಸು.

ಅಕ್ಕ


ಏಪ್ರಿಲ್ ೨೧

ಅಕ್ಕಾ,

ಪಾರ್ಸೆಲ್ ಬಿಚ್ಚಿ ಗಾಬರಿಯಾಗಬೇಡ. ಬಿದ್ದೆ. ಹೇಳಿಕೊಳ್ಳುವಂಥದ್ದೇನಲ್ಲ. ಟೈರು ಇನ್ನೂ ಬಿಸಿಯಾಗಿರಲಿಲ್ಲ, ನಿಧಾನದ ತಿರುವಿನಲ್ಲಿ ಮುಂದಿನ ಚಕ್ರ ಜಾರಿತು, ನಾನೂ ಅದರ ಹಿಂದೆಯೇ ಜಾರಿದೆ. ಎದ್ದು ಮೈ ಕೊಡವಿಕೊಂಡು ನಡೆದುಕೊಂಡೇ ನಮ್ಮ ತಂಡ ನಿಲ್ಲುವ ಪಿಟ್‌ಗೆ ಬಂದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಮ್ಮ ಮೆಕ್ಯಾನಿಕ್ ಮಾತ್ರ ಮುಖ ಗಂಟು ಹಾಕಿಕೊಂಡು, "ಬೈಕು ಜಜ್ಜಿಹೋಗಿದೆ, ನಿನಗೇನೂ ಆಗಿಲ್ಲ. ಮುಂದಿನ ಸಲ ಉಲ್ಟಾ ಬೀಳು ಮಾರಾಯ" ಅಂದ.

ಈ ಸಲದ ಹೋಟೆಲ್ ರೂಮಿನ ಕಿಟಕಿಯಿಂದ ಕಾರು ನಿಲ್ಲಿಸುವ ಜಾಗ ಕಾಣುತ್ತದೆ. ಸಂಜೆ ಒಬ್ಬ ಹೆಂಗಸು ತನ್ನ ಗಂಡನಿಗೆ ಸ್ಕೂಟರ್ ಕಲಿಸುತ್ತಿದ್ದಳು. ಅವನು ಹ್ಯಾಂಡಲ್ ಬಿಗಿಯಾಗಿ ಹಿಡಿದು, ಎರಡೂ ಕಾಲು ನೆಲಕ್ಕೆ ಎಳೆಯುತ್ತಾ, "ನಿಲ್ಸು, ನಿಲ್ಸು" ಅಂತ ಕೂಗುತ್ತಿದ್ದ. ಅವಳು ನಗುತ್ತಾ ಹಿಂದೆ ಓಡುತ್ತಿದ್ದಳು. ಅವರು ಹೋಗುವವರೆಗೂ ಕಿಟಕಿ ಬಿಟ್ಟು ಕದಲಲಿಲ್ಲ ನಾನು.

ಅಂಗಡಿಯ ಎರಡನೇ ಮಷೀನಿಗೆ ಯಾರನ್ನಾದರೂ ಇಟ್ಟುಕೊಂಡೆಯಾ? ನಾನು ಕೂತು ಕಲಿತರೆ ನೆಟ್ಟಗೆ ಹೊಲಿಗೆ ಬಂದೀತಾ? ಸುಮ್ಮನೆ ಕೇಳಿದೆ.

ನಿನ್ನ ತಮ್ಮ


ಮೇ ೪

ಮರಿ,

ನಿನ್ನ ನೆಟ್ಟಗಿನ ಹೊಲಿಗೆಯ ಯೋಗ್ಯತೆ ನನಗೆ ಗೊತ್ತಿಲ್ಲವೇ? ಶಾಲೆಯಲ್ಲಿ ಸ್ಕೇಲ್ ಇಟ್ಟುಕೊಂಡೇ ಸೊಟ್ಟ ಗೆರೆ ಎಳೆದವನು ನೀನು. ಮಷೀನಿನ ಯೋಚನೆ ಬಿಡು, ನಿನ್ನ ಕೆಲಸ ನೋಡು.

ಈಗ ನಾನು ಒಂದು ಮಾತು ಕೇಳುತ್ತೇನೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಡಬೇಡ. ಸೂಟಿನ ಜೊತೆ ಕಳಿಸಿದ ಗ್ಲೌಸು ನೋಡಿದೆ. ಅಂಗೈ ಹೊಸದರ ಹಾಗಿದೆ. ನೀನು ಇಷ್ಟು ವರ್ಷ ಬಿದ್ದಾಗಲೆಲ್ಲ ಮೊದಲು ಹರಿದುಬಂದದ್ದು ಅಂಗೈಯೇ. ಬೀಳುವ ಮನುಷ್ಯ ಕೈ ಊರುತ್ತಾನೆ, ಬೇಡವೆಂದರೂ ಕೈ ತಾನಾಗಿ ಮುಂದೆ ಹೋಗುತ್ತದೆ. ಈ ಸಲ ತೋಳಿನ ಹೊರಮೈ ಸವೆದಿದೆ, ಭುಜ ಸವೆದಿದೆ, ಅಂಗೈಗೆ ಒಂದು ಗೀರೂ ಇಲ್ಲ.

ಇದರ ಅರ್ಥ ನನಗೆ ಹೊಳೆಯುವುದಿಲ್ಲ ಅಂದುಕೊಂಡೆಯಾ? ಭಾವನಿಗೆ ಹೇಳಿಲ್ಲ. ಇನ್ನು ಯಾರಿಗೂ ಹೇಳಿಲ್ಲ. ಯಾವಾಗಿನಿಂದ ಹೀಗೆ ಆಗುತ್ತಿದೆ, ಅಷ್ಟು ಹೇಳು.

ಅಕ್ಕ


ಮೇ ೧೯

ಅಕ್ಕಾ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಪತ್ರ ಓದಿದಾಗ ನನ್ನ ಅವಸ್ಥೆಯೂ ಅದೇ ಆಯಿತು. ಇಡೀ ತಂಡಕ್ಕೆ ತಿಳಿಯದ್ದು ನಿನಗೆ ಮೇಜಿನ ಮುಂದೆ ಕೂತಲ್ಲೇ ತಿಳಿಯಿತು. ಹೇಗೋ ಹಗುರವಾಯಿತು ನನಗೆ. ಬೈಯದೆ ಕೇಳಿದೆಯಲ್ಲ, ಅದಕ್ಕೆ.

ಹೋದ ವರ್ಷದ ಕೊನೆಯಿಂದ ಹೀಗೆ. ಯಾವಾಗಲೂ ಬರುವುದಿಲ್ಲ. ನೇರ ದಾರಿಯಲ್ಲಿ ಏನೂ ಇಲ್ಲ. ತಿರುವು ಹತ್ತಿರ ಬಂದಾಗ, ಅಕ್ಕಪಕ್ಕ ಬೇರೆ ಬೈಕು ಇದ್ದರೆ, ಒಮ್ಮೆಲೇ ಬರುತ್ತದೆ. ಕೈಕಾಲು ನನ್ನದಲ್ಲ ಅನ್ನಿಸುತ್ತದೆ. ಸ್ವಲ್ಪ ಹೊತ್ತು, ಆಮೇಲೆ ಹೋಗುತ್ತದೆ. ಹೋದ ಭಾನುವಾರ ಮೊದಲಿನಿಂದಲೂ ಎಲ್ಲರಿಗಿಂತ ಮುಂದಿದ್ದೆ, ಬರಲೇ ಇಲ್ಲ, ಗೆದ್ದೆ. ಭಾವ ಹೇಳಿರಬೇಕು. ಅಂಕಗಳ ಪಟ್ಟಿಯಲ್ಲಿ ಈಗಲೂ ನಾನೇ ಮೊದಲು.

ತಾನಾಗಿ ಬಂದದ್ದು ತಾನಾಗಿ ಹೋಗುತ್ತದೆ. ದಯವಿಟ್ಟು ಯಾರಿಗೂ ಹೇಳಬೇಡ. ಗೊತ್ತಾದರೆ ನನ್ನ ಕಥೆ ಮುಗಿಯಿತು. ನಿನ್ನ ಅಂಗಡಿಯ ಗಾಜಿನ ಮೇಲಿನ ಫೋಟೋ ಕೂಡ.

ನಿನ್ನ ತಮ್ಮ


ಜೂನ್ ೨೮

ಮರಿ,

ಎರಡನೇ ಸೂಟು ಬಂತು. ಮತ್ತೆ ನಿಧಾನದ ತಿರುವಿನಲ್ಲೇ ಬಿದ್ದೆ ಅಂದರು ಭಾವ. ಅದೇ ಭುಜ, ಅದೇ ತೋಳು. ಅಂಗೈ ಮತ್ತೆ ಹೊಸದರ ಹಾಗೆ.

"ಹೋಗುತ್ತದೆ" ಅಂತ ಬರೆದಿದ್ದೆ. ಹೋಗಲಿಲ್ಲ. ಬೀಳುವ ಮೊದಲೇ ನಿನಗೆ ಪ್ರಜ್ಞೆ ತಪ್ಪುತ್ತಿದೆ. ಪ್ರಜ್ಞೆ ಇಲ್ಲದವನು ಮಾತ್ರ ಕೈ ಊರದೆ ಮೂಟೆಯ ಹಾಗೆ ಬೀಳುತ್ತಾನೆ. ಕೈಕಾಲು ನನ್ನದಲ್ಲ ಅನ್ನಿಸುತ್ತದೆ ಅಂತ ನೀನೇ ನಿನ್ನ ಕೈಯಾರೆ ಬರೆದಿದ್ದೀಯ. ಇದುವರೆಗೆ ನಿಧಾನದ ತಿರುವಿನಲ್ಲಿ ಆಗಿದೆ, ನಮ್ಮ ಪುಣ್ಯ. ಮುಂದೆ ವೇಗದ ತಿರುವಿನಲ್ಲಿ ಆದರೆ? ನಿನ್ನನ್ನು ಹೊಲಿಯುವ ದಾರ ನನ್ನ ಹತ್ತಿರ ಇಲ್ಲ.

ನಿಮ್ಮ ತಂಡದ ಡಾಕ್ಟರಿಗೆ ಪತ್ರ ಬರೆದೆ. ನೋಡಿದ್ದು, ನೀನು ಹೇಳಿದ್ದು, ಎಲ್ಲವನ್ನೂ ಬರೆದೆ. "ಅವನನ್ನು ಒಂದು ಮಾತು ಕೇಳಬಾರದಿತ್ತೇನೇ?" ಅಂದರು ಭಾವ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ನಾನು ಸುಮ್ಮನಾಗುತ್ತಿದ್ದೆ. ಅದಕ್ಕೇ ಕೇಳಲಿಲ್ಲ. ನೀನು ಇನ್ನು ನನ್ನ ಜೊತೆ ಮಾತು ಬಿಟ್ಟರೂ ಸರಿ. ಮಾತು ಬಿಡುವುದಕ್ಕಾದರೂ ನೀನು ಬದುಕಿರಬೇಕು.

ಅಕ್ಕ


ಜುಲೈ ೧೫

ಅಕ್ಕಾ,

ನಿನ್ನ ಆಸೆಯಂತೆ ಎಲ್ಲ ಪರೀಕ್ಷೆಯೂ ಆಯಿತು. ತಲೆಯ ಚಿತ್ರ ತೆಗೆದರು. ಎದೆಗೆ ವೈರು ಅಂಟಿಸಿ ಓಡಿಸಿದರು. ರಕ್ತ ತೆಗೆದರು, ಕಣ್ಣಿಗೆ ಬೆಳಕು ಬಿಟ್ಟರು. ಏನೂ ಇಲ್ಲ. ಡಾಕ್ಟರು ನನ್ನ ಬೆನ್ನು ತಟ್ಟಿ, "ನಿಮ್ಮಷ್ಟು ಆರೋಗ್ಯವಾಗಿರೋರು ಈ ತಂಡದಲ್ಲೇ ಇನ್ನೊಬ್ಬರಿಲ್ಲ" ಅಂದರು. ಮ್ಯಾನೇಜರು ಅದೇ ಮಾತನ್ನು ಪತ್ರಿಕೆಯವರಿಗೆ ಹೇಳಿದರು. ಈಗ ನನಗೆ ತಲೆನೋವು ಅಂತ ಹೇಳುವ ದಾರಿಯೂ ಉಳಿದಿಲ್ಲ.

ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಮೂರು ಸಲ ಬರೆದು ಹರಿದು ಹಾಕಿದೆ. ಆಮೇಲೆ ನನ್ನ ಹಳೆಯ ಪತ್ರದಲ್ಲಿ ಏನು ಬರೆದಿದ್ದೆ ಅಂತ ನೆನಪಿಸಿಕೊಂಡೆ. ನಿನಗೆ ನಿಜ ತಿಳಿದಿದೆ ಅಂತ ನಾನು ಅಂದುಕೊಂಡಿದ್ದೆ. ನಿನಗೆ ತಿಳಿದದ್ದು ಬೇರೆಯೇ.

ಪ್ರಜ್ಞೆ ಇಲ್ಲದವನು ಕೈ ಊರುವುದಿಲ್ಲ, ನಿಜ. ಬೀಳುತ್ತೇನೆ ಅಂತ ಮೊದಲೇ ಗೊತ್ತಿರುವವನೂ ಊರುವುದಿಲ್ಲ. ಬೀಳುವಾಗ ಕೈಗಳನ್ನು ಎದೆಗೆ ಒತ್ತಿಕೊಳ್ಳಿ ಅಂತ ನಮಗೆ ಮೊದಲ ದಿನವೇ ಕಲಿಸುತ್ತಾರೆ. ಯಾರಿಗೂ ಬರುವುದಿಲ್ಲ, ಯಾಕೆಂದರೆ ಬೀಳುವುದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ನನಗೆ ಗೊತ್ತಿತ್ತು. ಎರಡು ಸಲವೂ ನಾನೇ ಬಿದ್ದೆ. ಹಿಂದೆ ಯಾರೂ ಇಲ್ಲದ್ದನ್ನು ನೋಡಿಕೊಂಡು, ನಿಧಾನದ ತಿರುವು ಆರಿಸಿಕೊಂಡು, ಬೈಕನ್ನು ಬೇಕೆಂದೇ ಹೆಚ್ಚು ವಾಲಿಸಿ ಕೈಬಿಟ್ಟೆ.

ನನಗೆ ಭಯ ಅಕ್ಕಾ. ಬರೀ ಭಯ. ಏನೂ ಆಗಿಲ್ಲ, ಯಾರೂ ಸತ್ತಿಲ್ಲ, ಕೆಟ್ಟ ಕನಸೂ ಇಲ್ಲ. ಹೋದ ವರ್ಷ ಕಪ್ಪು ಗೆದ್ದ ವಾರದಲ್ಲೇ ಬಂತು. ಪಕ್ಕದಲ್ಲಿ ಇನ್ನೊಂದು ಬೈಕಿನ ಸದ್ದು ಕೇಳಿದರೆ ಬಾಯಿ ಒಣಗುತ್ತದೆ. ನಿಧಾನ ಮಾಡಿದರೆ "ಯಾಕೆ?" ಅಂತ ಕೇಳುತ್ತಾರೆ. ಬಿದ್ದರೆ ಯಾರೂ ಕೇಳುವುದಿಲ್ಲ, ಚಪ್ಪಾಳೆ ತಟ್ಟುತ್ತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದಕ್ಕೆ ಕಂಡುಕೊಂಡ ಉಪಾಯ ಇದು.

ಆ ದೊಡ್ಡ ಕೊಳವೆಯಂಥ ಯಂತ್ರದೊಳಗೆ ಮಲಗಿಸಿ ತಲೆಯ ಚಿತ್ರ ತೆಗೆಯುವಾಗ ನಾನು ಏನು ಬಯಸಿದೆ ಗೊತ್ತಾ? ಏನಾದರೂ ಸಿಗಲಿ ಅಂತ. ಗಡ್ಡೆಯಾದರೂ ಸಿಗಲಿ ಅಂತ.

ನಿನ್ನ ತಮ್ಮ


ಆಗಸ್ಟ್ ೫

ಮರಿ,

ನಿನ್ನ ಪತ್ರ ಓದಿ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಮುಚ್ಚಿಡದೆ ಹೇಳುತ್ತೇನೆ, ಸಿಟ್ಟು ಬಂತು. ಕಾಯಿಲೆಯಾಗಿದ್ದರೆ ನಾಲ್ಕು ಜನಕ್ಕೆ ಹೇಳಿಕೊಂಡು ಅಳಬಹುದಿತ್ತು. ಭಯ ಅಂತ ಯಾರಿಗೆ ಹೇಳಲಿ? ಅಂಗಡಿಗೆ ಬಂದವರು ಆ ಫೋಟೋದ ಮುಂದೆ ನಿಂತು ನನ್ನನ್ನು ಮಾತಾಡಿಸುವಾಗ ನನ್ನ ಬೆನ್ನು ನೆಟ್ಟಗಾಗುತ್ತದೆ. ಅದು ನನಗೆ ಇಷ್ಟು ಮುಖ್ಯ ಅಂತ ನನಗೇ ಗೊತ್ತಿರಲಿಲ್ಲ.

ಭಯ ಯಾರಿಗಿಲ್ಲ? ಬಸ್ಸು ಓಡಿಸುವವರಿಗಿಲ್ಲವೇ, ಹೆರಿಗೆಗೆ ಹೋಗುವವರಿಗಿಲ್ಲವೇ? ಹಲ್ಲು ಕಚ್ಚಿ ಮಾಡುತ್ತಾರೆ. ಉಳಿದಿರುವುದು ಎರಡೇ ರೇಸು. ಪಟ್ಟಿಯಲ್ಲಿ ನೀನೇ ಮೊದಲು. ಕೈಗೆ ಬಂದ ತುತ್ತನ್ನು ಚೆಲ್ಲಬೇಡ. ಬೇಕೆಂದು ಬೀಳಬೇಡ, ಬಿಡಬೇಡ, ಹೇಗೋ ಮುಗಿಸು. ಮೂರನೇ ಕಪ್ಪು ಬರಲಿ, ಆಮೇಲೆ ಭಯವೋ ಗಿಯವೋ ಕೂತು ಮಾತಾಡೋಣ.

ಭುಜಕ್ಕೆ ಎರಡು ಪದರ ಚರ್ಮ ಹಾಕಿದ್ದೇನೆ.

ಅಕ್ಕ


ಸೆಪ್ಟೆಂಬರ್ ೧೦

ಅಕ್ಕಾ,

ನೀನು ಹೇಳಿದ ಹಾಗೆ ಹಲ್ಲು ಕಚ್ಚಿ ಮುಗಿಸಿದೆ. ನಾಲ್ಕನೆಯವನಾಗಿ ಬಂದೆ. ಪಟ್ಟಿಯಲ್ಲಿ ಇನ್ನೂ ನಾನೇ ಮೊದಲು. ಉಳಿದದ್ದನ್ನು ಭಾವ ನಿನಗೆ ಹೇಳಿರುತ್ತಾರೋ ಇಲ್ಲವೋ.

ಈ ವರ್ಷವೇ ರೇಸಿಗೆ ಬಂದ, ಬೇರೆ ತಂಡದ ಹುಡುಗನೊಬ್ಬನಿದ್ದಾನೆ. ಎಲ್ಲರೂ ಅವನನ್ನು ಹೊಸಬ ಅಂತಲೇ ಕರೆಯುತ್ತಾರೆ. ನನ್ನ ಹಳೆಯ ರೇಸುಗಳನ್ನು ಟಿವಿಯಲ್ಲಿ ನೋಡಿ ನೋಡಿ, ಯಾವ ತಿರುವಿಗೆ ನಾನು ಎಲ್ಲಿ ಬ್ರೇಕ್ ಹಾಕುತ್ತೇನೆ ಅಂತ ಬಾಯಿಪಾಠ ಮಾಡಿದವನು. ಭಾನುವಾರ ಅವನು ನನ್ನ ಹಿಂದೆಯೇ ಇದ್ದ. ಇಳಿಜಾರಿನ ಕೊನೆಯ ತಿರುವಿನಲ್ಲಿ ಅವನ ಬೈಕಿನ ಸದ್ದು ಕಿವಿಯ ಹತ್ತಿರ ಬಂತು. ನನ್ನ ಕೈ ತಾನಾಗಿ ಬ್ರೇಕ್ ಹಿಡಿಯಿತು. ಅಲ್ಲಿ ಯಾರೂ ಹಾಕುವುದಿಲ್ಲ, ತುಂಬಾ ಮೊದಲೇ ಹಾಕಿಬಿಟ್ಟೆ. ನನಗೆ ತಾಗುವುದನ್ನು ತಪ್ಪಿಸಲು ಅವನು ಬೈಕನ್ನು ಪಕ್ಕಕ್ಕೆ ಎಳೆದ. ನಾನು ಹಿಂತಿರುಗಿ ನೋಡಲಿಲ್ಲ. ಮುಂದಿನ ಸುತ್ತಿನಲ್ಲಿ ಬಂದಾಗ ಅವನನ್ನು ಸ್ಟ್ರೆಚರ್‌ಗೆ ಎತ್ತುತ್ತಿದ್ದರು.

ಬಲಗಾಲಿನ ಮೂಳೆ ಎರಡು ಕಡೆ ಮುರಿದಿದೆ. ಮುಂದಿನ ವರ್ಷ ಓಡಿಸುತ್ತಾನೋ ಇಲ್ಲವೋ ಗೊತ್ತಿಲ್ಲ. ಮಾರನೆಯ ದಿನ ಆಸ್ಪತ್ರೆಗೆ ಹೋಗಿದ್ದೆ. ಅವನ ತಾಯಿ ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟರು. ಅವನು ಮಲಗಿದ್ದಲ್ಲಿಂದಲೇ ಹೇಳಿದ, "ಸಾರಿ ಸರ್. ನನ್ನದೇ ತಪ್ಪು. ಬ್ರೇಕ್ ಹಾಕೋದು ನಾನೇ ತಡ ಮಾಡಿಬಿಟ್ಟೆ ಅನ್ಸುತ್ತೆ. ನಿಮಗೆ ತಾಗಿಬಿಟ್ಟಿದ್ರೆ ಏನಾಗ್ತಿತ್ತೋ."

ನಾನು "ಪರವಾಗಿಲ್ಲ" ಅಂದೆ.

ಅಷ್ಟೇ ಅಂದೆ, ಅಕ್ಕಾ. ಅವನ ಕ್ಷಮಾಪಣೆ ತೆಗೆದುಕೊಂಡು, ಅವನ ತಾಯಿಗೆ ನಮಸ್ಕಾರ ಹೇಳಿ ಹೊರಗೆ ಬಂದೆ. ಇಷ್ಟು ದಿನ ನನ್ನ ಭಯ ನನ್ನ ಮೈಯನ್ನು ಮಾತ್ರ ಬೀಳಿಸುತ್ತಿತ್ತು. ಕೊನೆಯ ರೇಸಿಗೆ ನಾನು ಇಳಿಯುವುದಿಲ್ಲ. ನಾಳೆ ಮ್ಯಾನೇಜರಿಗೆ ಹೇಳುತ್ತೇನೆ. ನಿನ್ನನ್ನು ಕೇಳಿ ಮಾಡುತ್ತಿಲ್ಲ, ನಿನಗೆ ಹೇಳಿ ಮಾಡುತ್ತಿದ್ದೇನೆ.

ನಿನ್ನ ತಮ್ಮ


ಅಕ್ಟೋಬರ್ ೧

ಅಕ್ಕಾ,

ನಿನ್ನಿಂದ ಉತ್ತರ ಇಲ್ಲ. ಫೋನ್ ಮಾಡಿದರೆ ಭಾವ ಎತ್ತಿ, "ಅವಳು ಕೆಲಸದಲ್ಲಿದ್ದಾಳೆ ಕಣೋ" ಅನ್ನುತ್ತಾರೆ. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ ಪಾಪ, ಉಸಿರು ಬಿಗಿಹಿಡಿದುಕೊಂಡು ಹೇಳುತ್ತಾರೆ.

ಮ್ಯಾನೇಜರಿಗೆ ಹೇಳಿದೆ. "ನನಗೆ ಭಯ ಆಗ್ತಿದೆ, ಇನ್ನು ಓಡ್ಸೋಕಾಗಲ್ಲ" ಅಂದೆ. ಅವರು ಬಾಗಿಲು ಹಾಕಿ ಬಂದು, "ಈ ಮಾತು ಈ ರೂಮಿನಿಂದ ಹೊರಗೆ ಹೋಗಬಾರದು" ಅಂದರು. ಆಮೇಲೆ ನನ್ನ ಎರಡೂ ಕೈ ನೋಡಿ, "ಯಾವ ಮಣಿಕಟ್ಟು ನೋಯ್ತಿದೆ ಅಂತ ಹೇಳೋಣ?" ಅಂತ ಕೇಳಿದರು. ಎಡಗೈ ಅಂತ ಅವರೇ ತೀರ್ಮಾನ ಮಾಡಿದರು. ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿ ಫೋಟೋ ತೆಗೆದರು. ನೀನೂ ನೋಡಿರುತ್ತೀಯ. ಏನೂ ಆಗದ ಕೈಯನ್ನು ನಾನು ಹಿಡಿದುಕೊಂಡು ನಿಂತಿದ್ದೇನೆ, ಇಂಗು ತಿಂದ ಮಂಗನ ಹಾಗೆ.

ಕಪ್ಪು ಇನ್ನೊಬ್ಬನಿಗೆ ಹೋಯಿತು. ರಾತ್ರೋರಾತ್ರಿ ಎಲ್ಲರೂ ನನ್ನನ್ನು ಕನಿಕರದಿಂದ ನೋಡತೊಡಗಿದ್ದಾರೆ. "ಪಾಪ, ಕೈನೋವು ಇಲ್ಲದಿದ್ರೆ ಗೆದ್ದೇ ಗೆಲ್ತಿದ್ರು" ಅನ್ನುತ್ತಾರೆ. ಹೊಸಬನೂ ಆಸ್ಪತ್ರೆಯಿಂದ ಚೀಟಿ ಕಳಿಸಿದ್ದಾನೆ, ನಿಮ್ಮ ಕೈ ಬೇಗ ವಾಸಿಯಾಗಲಿ ಅಂತ.

ರೂಮು ಖಾಲಿ ಮಾಡಬೇಕು. ಮನೆಗೆ ಬರಲಾ?

ನಿನ್ನ ತಮ್ಮ


ಅಕ್ಟೋಬರ್ ೧೨

ಮರಿ,

ಉತ್ತರ ಬರೆಯಲಿಲ್ಲ, ಯಾಕೆಂದರೆ ಬರೆಯಲು ಮುಖ ಇರಲಿಲ್ಲ. "ಹೇಗೋ ಮುಗಿಸು" ಅಂತ ಬರೆದವಳು ನಾನು. ಆ ಕಾಲು ಮುರಿದದ್ದರಲ್ಲಿ ನನ್ನ ಪಾಲೂ ಇದೆ. ಭಾವ ಇಲ್ಲ ಅನ್ನುತ್ತಾರೆ. ಅವರು ಒಳ್ಳೆಯವರು, ಅವರ ಮಾತು ಲೆಕ್ಕಕ್ಕಿಲ್ಲ.

ನಿನ್ನೆ ಅಂಗಡಿಗೆ ಇಬ್ಬರು ಬಂದಿದ್ದರು, ಪಾರ್ಸೆಲ್ ಹಂಚುವ ಕೆಲಸದವರು. ಒಬ್ಬ, "ಅಕ್ಕಾ, ಬಾಣನ ಕೈ ಹೇಗಿದೆ?" ಅಂದ. ವಾಸಿಯಾಗುತ್ತಿದೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದರ ಬದಲು, "ಅವನ ಕೈಗೇನೂ ಆಗಿಲ್ಲಪ್ಪ, ಅವನಿಗೆ ಭಯ ಆಯ್ತು, ಬಿಟ್ಟ" ಅಂದೆ. ತಮಾಷೆ ಅಂದುಕೊಂಡು ನಕ್ಕರು. ನಾನು ನಗಲಿಲ್ಲ. ಅವರೂ ನಿಲ್ಲಿಸಿದರು. ಒಬ್ಬ ಜಾಕೆಟ್ಟು ತೆಗೆದುಕೊಂಡು ಹೊರಟುಹೋದ. ಇನ್ನೊಬ್ಬ, "ದಿನಾ ಲಾರಿ ಪಕ್ಕ ಓಡಿಸ್ತೀನಿ. ನನಗೂ ಆಗುತ್ತೆ. ಮನೇಲಿ ಹೇಳಿಲ್ಲ" ಅಂದ. ಅವನ ಜಾಕೆಟ್ಟಿನ ಕಾಲರ್ ಹೊಲಿದು ಮುಗಿಸುವವರೆಗೂ ಅಲ್ಲೇ ಕೂತಿದ್ದ.

ಹೇಳಿದ ಮೇಲೆ ನನ್ನ ಬೆನ್ನು ಬಾಗಲಿಲ್ಲ, ಮರಿ. ಬಾಗುತ್ತದೆ ಅಂದುಕೊಂಡಿದ್ದೆ.

ಬಾ. ಕೇಳಬೇಕಾ? ಆದರೆ ಬರುವ ದಾರಿಯಲ್ಲಿ ಆ ಆಸ್ಪತ್ರೆಗೆ ಹೋಗು. ತಡ ಮಾಡಿದ್ದು ಅವನಲ್ಲ ಅಂತ ಹೇಳು. ಅವನ ಕಾಲಿನ ಮೂಳೆ ಕೂಡಿಕೊಳ್ಳಬಹುದು, ತಪ್ಪು ತನ್ನದು ಅಂದುಕೊಂಡೇ ಅವನು ಮತ್ತೆ ಬೈಕ್ ಹತ್ತಿದರೆ ನಿನ್ನ ಭಯ ಅವನಿಗೆ ಹತ್ತುತ್ತದೆ. ಮ್ಯಾನೇಜರು ಏನಾದರೂ ಅನ್ನಲಿ. ಹೊಸಬ ಹೊಡೆದರೆ ಹೊಡೆಸಿಕೋ. ಅದನ್ನು ಮಾಡದೆ ಬಂದರೂ ಊಟ ಹಾಕುತ್ತೇನೆ, ಹಾಸಿಗೆ ಹಾಸುತ್ತೇನೆ. ಮುಖ ನೋಡಿ ಮಾತಾಡುವುದು ಮಾತ್ರ ಕಷ್ಟ.

ಅಕ್ಕ


ಅಕ್ಟೋಬರ್ ೨೦

ಅಕ್ಕಾ,

ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಹೇಳಿದೆ. ಭಯದಿಂದ ಮೊದಲೇ ಬ್ರೇಕ್ ಹಾಕಿದೆ, ಎರಡು ಸಲ ಬೇಕೆಂದೇ ಬಿದ್ದೆ, ಕೈಯ ಬ್ಯಾಂಡೇಜು ಸುಳ್ಳು, ಎಲ್ಲ ಹೇಳಿದೆ. ಅವನ ತಾಯಿ ಕುರ್ಚಿಯಿಂದ ಏಳಲಿಲ್ಲ. ಹೊಸಬ ಚಾವಣಿ ನೋಡುತ್ತಲೇ "ಹೊರಗೆ ಹೋಗಿ" ಅಂದ. ಈ ಸಲ ಸರ್ ಅನ್ನಲಿಲ್ಲ. ಹೊರಗೆ ಬಂದು ಇಲ್ಲಿ ಕೂತೆ.

ಸ್ವಲ್ಪ ಹೊತ್ತಿನ ಮೇಲೆ ತಾಯಿ ಬಾಗಿಲು ತೆರೆದು ಕೈಸನ್ನೆಯಲ್ಲೇ ಕರೆದರು. ಅವನು ನನ್ನ ಕಡೆ ನೋಡದೆಯೇ ಕೇಳಿದ, "ನಾನು ಬ್ರೇಕ್ ಹಾಕಿದ ಜಾಗ ಸರಿ ಇತ್ತಾ?"

"ಸರಿಯಾಗಿತ್ತು" ಅಂದೆ. "ಗೆಲ್ಲುವಾಗ ನಾನೂ ಅಲ್ಲೇ ಹಾಕ್ತಿದ್ದೆ."

ಅವನು ಮುಖಕ್ಕೆ ದಿಂಬು ಮುಚ್ಚಿಕೊಂಡು ಅತ್ತ.